ಇಂಡಿಯನ್ ಸ್ಪಿಟ್ಜ್ ನಾಯಿಯ ಮನೆಪಾಲನೆ

ಇಂಡಿಯನ್ ಸ್ಪಿಟ್ಜ್ ಭಾರತದ ಮನೆಗಳಲ್ಲಿ ಬಹುಕಾಲದಿಂದ ಸಾಕಲಾಗುತ್ತಿರುವ, ಸಾಮಾನ್ಯವಾಗಿ ಅಚ್ಚ ಬಿಳಿ ಬಣ್ಣದ, ದಟ್ಟ ತುಪ್ಪಳವುಳ್ಳ ನಾಯಿ ತಳಿ. ಚೂಪಾದ ಮೂತಿ, ನೆಟ್ಟಗೆ ನಿಂತ ತ್ರಿಕೋನಾಕಾರದ ಕಿವಿಗಳು, ಬೆನ್ನ ಮೇಲೆ ಸುರುಳಿಯಾಗಿ ಮಡಚಿದ ಬಾಲ, ಕಪ್ಪು ಮೂಗು ಹಾಗೂ ಕಪ್ಪು ಕಣ್ಣುಗಳು ಇದರ ಗುರುತುಗಳು. ಕರ್ನಾಟಕದಲ್ಲಿ ಜನಸಾಮಾನ್ಯರು ಇದನ್ನು 'ಪಾಮೇರಿಯನ್' ಎಂದೇ ಕರೆಯುವುದು ವಾಡಿಕೆ. ವಾಸ್ತವದಲ್ಲಿ ಪಾಮೇರಿಯನ್ ಬೇರೊಂದು ತಳಿ. ಬಿಳಿ ಬಣ್ಣದ ಆಕರ್ಷಣೆಯಿಂದ ಕೊಂಡು ತಂದ ನಾಯಿಯ ತುಪ್ಪಳವನ್ನು ಶುಚಿಯಾಗಿ ಇಡುವುದೂ, ಅದಕ್ಕೆ ಮನೆಯಲ್ಲಿ ಸನ್ನಡತೆಯನ್ನು ಕಲಿಸುವುದೂ ಒಂದಕ್ಕೊಂದು ಹೊಂದಿಕೊಂಡ ಕೆಲಸಗಳು. ಮೈ ಮುಟ್ಟಲು ಬಿಡದ ನಾಯಿಯನ್ನು ಶುಚಿಗೊಳಿಸಲಾಗದು. ಸಿಕ್ಕುಗಟ್ಟಿದ ಕೂದಲಿನಿಂದ ನೋವು ಅನುಭವಿಸುವ ನಾಯಿಯಿಂದ ಸನ್ನಡತೆಯನ್ನು ನಿರೀಕ್ಷಿಸಲಾಗದು. ಈ ಲೇಖನವು ಅಂತಹ ನಾಯಿಯ ದೈನಂದಿನ ಪಾಲನೆಯನ್ನು ಕುರಿತದ್ದು. ಇದರಲ್ಲಿ ವಿವರಿಸಿದ ಕ್ರಮಗಳಲ್ಲಿ ಹೆಚ್ಚಿನವು ಬಿಳಿ ತುಪ್ಪಳದ ಇತರ ತಳಿಗಳಿಗೂ ಅನ್ವಯಿಸುತ್ತವೆ.

ತಳಿಯ ಹಿನ್ನೆಲೆ

ಸ್ಪಿಟ್ಜ್ ಎಂಬ ಜರ್ಮನ್ ಪದಕ್ಕೆ 'ಚೂಪಾದ' ಎಂಬ ಅರ್ಥವಿದೆ. ಶೀತಪ್ರದೇಶಗಳಲ್ಲಿ ರೂಪುಗೊಂಡ, ಚೂಪು ಮೂತಿ ಮತ್ತು ದಟ್ಟ ತುಪ್ಪಳದ ನಾಯಿಗಳ ಒಂದು ದೊಡ್ಡ ವರ್ಗವನ್ನೇ ಈ ಹೆಸರಿನಿಂದ ಕರೆಯಲಾಗುತ್ತದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಭಾರತಕ್ಕೆ ಬಂದ ಜರ್ಮನ್ ಸ್ಪಿಟ್ಜ್ ಬಗೆಯ ನಾಯಿಗಳಿಂದ, ಇಲ್ಲಿನ ಹವಾಗುಣಕ್ಕೆ ಹೊಂದಿಕೊಳ್ಳುವಂತೆ ಇಂಡಿಯನ್ ಸ್ಪಿಟ್ಜ್ ಬೆಳೆದುಬಂದಿತು. 1980 ಮತ್ತು 1990ರ ದಶಕಗಳಲ್ಲಿ ವಿದೇಶಿ ನಾಯಿಗಳ ಆಮದು ಸುಲಭವಾಗಿರಲಿಲ್ಲ. ಕಡಿಮೆ ಬೆಲೆ, ಚಿಕ್ಕ ಗಾತ್ರ, ಅನ್ನ-ಹಾಲಿಗೂ ಒಗ್ಗಿಕೊಳ್ಳುವ ಗುಣಗಳಿಂದ ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಈ ತಳಿ ಬಹಳ ಜನಪ್ರಿಯವಾಯಿತು. 1994ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ 'ಹಮ್ ಆಪ್ಕೆ ಹೈ ಕೌನ್'ನಲ್ಲಿ ಟಫಿ ಎಂಬ ಹೆಸರಿನಿಂದ ಕಾಣಿಸಿಕೊಂಡ ಬಿಳಿ ನಾಯಿಯೂ ಇದರ ಜನಪ್ರಿಯತೆಯನ್ನು ಹೆಚ್ಚಿಸಿತು.

ಗಾತ್ರವನ್ನು ಆಧರಿಸಿ ಇಂಡಿಯನ್ ಸ್ಪಿಟ್ಜ್‌ನಲ್ಲಿ ಎರಡು ಬಗೆಗಳನ್ನು ಗುರುತಿಸಲಾಗುತ್ತದೆ. ಚಿಕ್ಕ ಬಗೆಯ ನಾಯಿ ಸುಮಾರು 5ರಿಂದ 7 ಕಿ.ಗ್ರಾಂ. ತೂಗುತ್ತದೆ, ದೊಡ್ಡ ಬಗೆಯದು 12ರಿಂದ 20 ಕಿ.ಗ್ರಾಂ. ತೂಗುತ್ತದೆ. ಬಾಲ್ಟಿಕ್ ಸಮುದ್ರದ ತೀರದ ಪಾಮೆರೇನಿಯ ಪ್ರದೇಶದಿಂದ ಹೆಸರು ಪಡೆದ ಪಾಮೇರಿಯನ್ ಇದಕ್ಕಿಂತ ಚಿಕ್ಕದು. ಅದರ ತೂಕ ಸುಮಾರು 1.5ರಿಂದ 3 ಕಿ.ಗ್ರಾಂ. ಮಾತ್ರ. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದಾಗ ಚಿಕ್ಕ ಗಾತ್ರದ ಪಾಮೇರಿಯನ್ ನಾಯಿಗಳನ್ನು ಮೆಚ್ಚಿ ತಂದು ಸಾಕಿದ ಬಳಿಕ ಆ ತಳಿಯ ಗಾತ್ರವನ್ನು ಇನ್ನಷ್ಟು ಕುಗ್ಗಿಸುವ ರೂಢಿ ಬೆಳೆಯಿತು. ಪಾಮೇರಿಯನ್ನಿನ ಮುಖ ಗಿಡ್ಡ, ತುಪ್ಪಳ ಹೆಚ್ಚು ಉಬ್ಬಿದ್ದು. ಇಂಡಿಯನ್ ಸ್ಪಿಟ್ಜ್‌ನ ಮುಖ ನೀಳ, ಕಾಲುಗಳು ಉದ್ದ.

ತುಪ್ಪಳದ ರಚನೆ

ಸ್ಪಿಟ್ಜ್ ವರ್ಗದ ನಾಯಿಗಳಿಗೆ ಎರಡು ಪದರಗಳ ತುಪ್ಪಳವಿರುತ್ತದೆ. ಮೈಗೆ ಹತ್ತಿಕೊಂಡಿರುವ ಒಳಪದರದ ರೋಮಗಳು ಹತ್ತಿಯಂತೆ ಮೃದುವಾಗಿದ್ದು ದಟ್ಟವಾಗಿರುತ್ತವೆ. ಹೊರಪದರದ ರೋಮಗಳು ಉದ್ದವಾಗಿಯೂ ಒರಟಾಗಿಯೂ ಇದ್ದು ಮಳೆನೀರು, ಧೂಳು ಮತ್ತು ಬಿಸಿಲನ್ನು ತಡೆಯುತ್ತವೆ. ಚರ್ಮದಲ್ಲಿರುವ ಗ್ರಂಥಿಗಳಿಂದ ಒಸರುವ ಜಿಡ್ಡು ಹೊರರೋಮಗಳನ್ನು ಲೇಪಿಸುತ್ತದೆ. ಒಣಗಿದ ಕೆಸರು ಆರೋಗ್ಯವಂತ ನಾಯಿಯ ಮೈಯಿಂದ ತಾನಾಗಿ ಉದುರಿಹೋಗುವುದಕ್ಕೆ ಈ ಜಿಡ್ಡೇ ಕಾರಣ. ಪದೇ ಪದೇ ಸಾಬೂನು ಹಚ್ಚಿ ಜಿಡ್ಡನ್ನು ತೆಗೆದುಬಿಟ್ಟರೆ ರೋಮಗಳು ಒಣಗಿ ಒರಟಾಗುತ್ತವೆ, ಕೊಳೆ ಇನ್ನಷ್ಟು ಬೇಗ ಹಿಡಿಯುತ್ತದೆ. ಹೀಗಾಗಿ ಬಿಳಿ ನಾಯಿಗೆ ಹೆಚ್ಚು ಸ್ನಾನ ಮಾಡಿಸಿದಷ್ಟೂ ಅದು ಹೆಚ್ಚು ಬಿಳುಪಾಗುತ್ತದೆ ಎಂಬ ನಂಬಿಕೆ ಸರಿಯಲ್ಲ.

ಬೇಸಗೆಯಲ್ಲಿ ತಂಪಾಗಲೆಂದು ತುಪ್ಪಳವನ್ನು ಪೂರ್ತಿ ಬೋಳಿಸುವ ರೂಢಿಯೂ ಕೆಲವೆಡೆ ಇದೆ. ನಾಯಿಯ ಮೈಯಿಂದ ಮನುಷ್ಯರಂತೆ ಬೆವರು ಹರಿಯುವುದಿಲ್ಲ. ಅದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಡುವುದರ ಮೂಲಕ ಮೈಯ ಬಿಸಿಯನ್ನು ಹೊರಹಾಕುತ್ತದೆ. ಬೋಳಿಸಿದ ಚರ್ಮಕ್ಕೆ ಬಿಸಿಲು ನೇರವಾಗಿ ಬಿದ್ದು ಸುಡುವ ಅಪಾಯವಿದೆ. ಎರಡು ಪದರಗಳ ತುಪ್ಪಳವನ್ನು ಬೋಳಿಸಿದ ಮೇಲೆ ಹೊರರೋಮಗಳು ಮೊದಲಿನಂತೆ ಬೆಳೆಯದೆ ಹೋಗುವುದೂ ಉಂಟು. ಸಡಿಲವಾದ ಒಳರೋಮಗಳನ್ನು ಬಾಚಿ ತೆಗೆಯುವುದು, ಪಾದದ ಅಡಿ ಮತ್ತು ಗುದದ ಸುತ್ತಲಿನ ಕೂದಲನ್ನು ಮಾತ್ರ ಕತ್ತರಿಸುವುದು ಸೂಕ್ತವಾದ ಕ್ರಮ.

ಬಾಚುವಿಕೆ

ಸ್ಪಿಟ್ಜ್ ನಾಯಿಯ ಶುಚಿತ್ವದಲ್ಲಿ ಸ್ನಾನಕ್ಕಿಂತ ಬಾಚುವಿಕೆಗೆ ಹೆಚ್ಚಿನ ಸ್ಥಾನವಿದೆ. ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ, ಕೂದಲು ಉದುರುವ ಋತುವಿನಲ್ಲಿ ಪ್ರತಿದಿನ ಬಾಚುವುದು ಅಗತ್ಯ. ಇದಕ್ಕೆ ತೆಳುವಾದ ತಂತಿಹಲ್ಲುಗಳುಳ್ಳ ಬ್ರಷ್ ಮತ್ತು ಅಗಲ ಹಲ್ಲಿನ ಲೋಹದ ಬಾಚಣಿಗೆ ಸಾಕಾಗುತ್ತವೆ. ಮೇಲ್ಮೈಯನ್ನು ಮಾತ್ರ ಸವರಿದರೆ ಒಳಪದರದ ಸಿಕ್ಕು ಹಾಗೆಯೇ ಉಳಿಯುತ್ತದೆ. ಒಂದು ಕೈಯಿಂದ ತುಪ್ಪಳವನ್ನು ಮೇಲಕ್ಕೆತ್ತಿ, ಚರ್ಮ ಕಾಣುವಂತೆ ಬೈತಲೆ ಮಾಡಿಕೊಂಡು, ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಾಚುತ್ತ ಬರಬೇಕು.

ಕಿವಿಯ ಹಿಂಭಾಗ, ಕಂಕುಳು, ತೊಡೆಯ ಹಿಂಭಾಗ ಮತ್ತು ಕೊರಳಪಟ್ಟಿಯ ಅಡಿಭಾಗಗಳಲ್ಲಿ ಸಿಕ್ಕು ಬೇಗ ಕಟ್ಟುತ್ತದೆ. ಚಿಕ್ಕ ಗಂಟನ್ನು ಬೆರಳುಗಳಿಂದ ಬಿಡಿಸಿ, ಬಳಿಕ ಗಂಟಿನ ತುದಿಯಿಂದ ಬುಡದ ಕಡೆಗೆ ಬಾಚಬೇಕು. ದೊಡ್ಡ ಗಂಟನ್ನು ಕತ್ತರಿಯಿಂದ ತೆಗೆಯಲು ಹೋಗುವುದು ಅಪಾಯಕರ. ಗಂಟಿನೊಡನೆ ಎದ್ದುಬಂದ ಚರ್ಮವೂ ಕತ್ತರಿಗೆ ಸಿಲುಕಬಹುದು. ಜಡೆಗಟ್ಟಿದ ತುಪ್ಪಳದ ಅಡಿಯಲ್ಲಿ ಗಾಳಿಯಾಡದೆ ಚರ್ಮ ಕೆಂಪಾಗಿ ಕೊಳೆಯತೊಡಗುತ್ತದೆ. ಮಳೆಗಾಲದಲ್ಲಿ ಅಂತಹ ಹುಣ್ಣಿನಲ್ಲಿ ನೊಣಗಳು ಮೊಟ್ಟೆಯಿಟ್ಟು ಹುಳು ಬೀಳುವುದೂ ಇದೆ. ಹೊರಗಿನಿಂದ ಬೆಳ್ಳಗೆ ಕಾಣುವ ನಾಯಿಯ ಒಳಗಿನ ಹುಣ್ಣು, ದುರ್ವಾಸನೆ ಹೊಮ್ಮುವವರೆಗೆ ಮನೆಯವರ ಗಮನಕ್ಕೆ ಬಾರದಿರಬಹುದು. ಬಾಚುವ ಅಭ್ಯಾಸದಿಂದ ಇಂತಹ ಗಾಯ, ಉಣ್ಣಿ, ಗಡ್ಡೆಗಳು ಆರಂಭದಲ್ಲಿಯೇ ಕಣ್ಣಿಗೆ ಬೀಳುತ್ತವೆ.

ಸ್ನಾನ

ಮನೆಯೊಳಗೆ ಇರುವ ನಾಯಿಗೆ ಮೂರರಿಂದ ಆರು ವಾರಗಳಿಗೊಮ್ಮೆ ಸ್ನಾನ ಮಾಡಿಸಿದರೆ ಸಾಕು. ನಡುವೆ ಕೊಳೆಯಾದರೆ ಕೊಳೆಯಾದ ಭಾಗವನ್ನಷ್ಟೇ ತೊಳೆಯಬಹುದು. ಮನುಷ್ಯರ ಚರ್ಮ ಆಮ್ಲೀಯ ಗುಣವುಳ್ಳದ್ದು. ನಾಯಿಯ ಚರ್ಮ ತಟಸ್ಥ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು. ಆದ್ದರಿಂದ ಮನುಷ್ಯರ ಶಾಂಪೂ ನಾಯಿಗೆ ಒಗ್ಗುವುದಿಲ್ಲ. ಬಟ್ಟೆ ಒಗೆಯುವ ಸಾಬೂನು ಮತ್ತು ಪುಡಿಗಳು ತೀಕ್ಷ್ಣ ಕ್ಷಾರೀಯವಾದುದರಿಂದ ಅವುಗಳನ್ನು ಬಳಸಲೇಬಾರದು. ಬಿಳುಪಿಗಾಗಿ ಬಟ್ಟೆಗೆ ಹಾಕುವ ನೀಲಿಯನ್ನೋ, ಬ್ಲೀಚನ್ನೋ ನಾಯಿಯ ಮೈಗೆ ಬಳಸುವುದು ಅಪಾಯಕರ. ನಾಯಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿಯಾದುದರಿಂದ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಸೇರುತ್ತದೆ. ಬಿಳಿ ನಾಯಿಗಳಿಗೆಂದೇ ಮಾರುವ ನೇರಳೆ ಬಣ್ಣದ ಶಾಂಪೂಗಳು ಹಳದಿ ಛಾಯೆಯನ್ನು ಕಣ್ಣಿಗೆ ಮರೆಮಾಡುತ್ತವೆಯೇ ಹೊರತು ಕಲೆಯ ಕಾರಣವನ್ನು ನಿವಾರಿಸುವುದಿಲ್ಲ.

ಸ್ನಾನದ ಕ್ರಮ ಹೀಗಿದೆ:

1. ಸ್ನಾನಕ್ಕೆ ಮೊದಲು ಇಡೀ ಮೈಯನ್ನು ಬಾಚಿ ಸಿಕ್ಕು ಬಿಡಿಸಬೇಕು. ಸಿಕ್ಕು ನೆನೆದರೆ ಇನ್ನಷ್ಟು ಬಿಗಿಯಾಗುತ್ತದೆ.
2. ಕಾಲು ಜಾರದಂತೆ ಬಚ್ಚಲಿನಲ್ಲಿ ರಬ್ಬರಿನ ಹಾಸನ್ನೋ, ಹಳೆಯ ಗೋಣಿಯನ್ನೋ ಹಾಸಬೇಕು. ಕಾಲು ಜಾರುವ ಭಯವೇ ಅನೇಕ ನಾಯಿಗಳ ಸ್ನಾನದ ಹೆದರಿಕೆಗೆ ಮೂಲ.
3. ನೀರು ಉಗುರುಬೆಚ್ಚಗಿರಬೇಕು. ಮುಂಗೈಯ ಒಳಭಾಗಕ್ಕೆ ಸುರಿದುಕೊಂಡು ಬಿಸಿಯನ್ನು ಪರೀಕ್ಷಿಸಬೇಕು.
4. ಕುತ್ತಿಗೆಯಿಂದ ಬಾಲದ ಕಡೆಗೆ ನೀರೆರೆದು, ಒಳಪದರ ಪೂರ್ತಿ ನೆನೆಯುವವರೆಗೆ ಕೈಯಾಡಿಸಬೇಕು. ಮುಖವನ್ನು ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರಸಿದರೆ ಸಾಕು. ಕಿವಿಯೊಳಗೆ ನೀರು ಹೋಗಬಾರದು.
5. ಶಾಂಪೂವನ್ನು ನೀರಿನಲ್ಲಿ ಕದಡಿ ಹಚ್ಚಬೇಕು. ವೃತ್ತಾಕಾರವಾಗಿ ಉಜ್ಜದೆ, ರೋಮ ಬೆಳೆದ ದಿಕ್ಕಿನಲ್ಲಿಯೇ ಕೈಯಾಡಿಸಬೇಕು.
6. ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ಬಾರಿ ತೊಳೆಯಬೇಕು. ಉಳಿದ ಶಾಂಪೂ ತುರಿಕೆಗೂ, ಕೂದಲು ಮಾಸಲು ಬಣ್ಣಕ್ಕೆ ತಿರುಗುವುದಕ್ಕೂ ಕಾರಣವಾಗುತ್ತದೆ.
7. ದಪ್ಪ ಟವೆಲಿನಿಂದ ಒತ್ತಿ ನೀರನ್ನು ಹೀರಿಸಿ, ಒಳಪದರ ಒಣಗುವವರೆಗೆ ಗಾಳಿಯಾಡುವ ಜಾಗದಲ್ಲಿ ಇರಿಸಬೇಕು. ಕೂದಲು ಒಣಗಿಸುವ ಯಂತ್ರವನ್ನು ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ದೂರದಿಂದ ಬಳಸಬೇಕು.
8. ಒಣಗಿದ ಬಳಿಕ ಮತ್ತೊಮ್ಮೆ ಬಾಚಬೇಕು.

ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಬೂದುಬಣ್ಣದ ಗಸಿಯಾಗುತ್ತವೆ. ಇದು ಬಿಳಿ ರೋಮಗಳ ಮೇಲೆ ಕುಳಿತರೆ ಹೊಳಪು ಮಾಯವಾಗುತ್ತದೆ. ಅಂತಹ ಊರುಗಳಲ್ಲಿ ಕೊನೆಯ ತೊಳೆತಕ್ಕೆ ಮಳೆನೀರನ್ನೋ, ನದಿಮೂಲದ ನಲ್ಲಿನೀರನ್ನೋ ಬಳಸುವುದು ಅನುಕೂಲ. ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ತೇವದ ಹವೆಯಲ್ಲಿ ತುಪ್ಪಳ ಒಣಗಲು ಬಹಳ ಹೊತ್ತು ಬೇಕಾಗುತ್ತದೆ. ಒದ್ದೆಯಾಗಿಯೇ ಉಳಿದ ಒಳಪದರದಲ್ಲಿ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳು ಬೆಳೆದು ಚರ್ಮರೋಗ ಉಂಟಾಗುವುದರಿಂದ, ಆ ಋತುವಿನಲ್ಲಿ ಸ್ನಾನದ ಸಂಖ್ಯೆಯನ್ನು ಕಡಿಮೆ ಮಾಡಿ ಬಾಚುವಿಕೆಯನ್ನು ಹೆಚ್ಚಿಸುವುದು ಲೇಸು.

ಕಲೆಗಳು ಮತ್ತು ಅವುಗಳ ಕಾರಣ

ಬಿಳಿ ತುಪ್ಪಳದ ಮೇಲಿನ ಕಲೆಗಳಲ್ಲಿ ಕೆಲವು ಹೊರಗಿನವು, ಕೆಲವು ನಾಯಿಯ ದೇಹದಿಂದಲೇ ಬಂದವು. ಎರಡನೆಯ ಬಗೆಯ ಕಲೆಗಳು ಹಲವು ಸಲ ರೋಗದ ಸೂಚನೆಗಳಾಗಿರುತ್ತವೆ.

ಕಣ್ಣೀರಿನ ಕಲೆ: ಕಣ್ಣಿನ ಒಳಮೂಲೆಯಿಂದ ಕೆಳಕ್ಕೆ ಇಳಿಯುವ ಕೆಂಗಂದು ಗೆರೆಗೆ ಪಾರ್ಫಿರಿನ್ ಎಂಬ ವರ್ಣದ್ರವ್ಯ ಕಾರಣ. ಇದು ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ಇರುತ್ತದೆ. ಎಲ್ಲ ಬಣ್ಣದ ನಾಯಿಗಳಲ್ಲೂ ಇರುವ ಈ ದ್ರವ್ಯ ಬಿಳಿ ನಾಯಿಯಲ್ಲಿ ಎದ್ದು ಕಾಣುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪ್ರತಿದಿನ ಒರಸಿ ಒಣಗಿಸಿದರೆ ಕಲೆ ಗಟ್ಟಿಯಾಗುವುದಿಲ್ಲ. ಎರಡು ಕಣ್ಣುಗಳಿಗೂ ಬೇರೆ ಬೇರೆ ಹತ್ತಿಯನ್ನು ಬಳಸಬೇಕು. ಕಣ್ಣೀರು ಒಮ್ಮೆಲೇ ಹೆಚ್ಚಾದರೆ, ಒಂದೇ ಕಣ್ಣಿನಿಂದ ಸುರಿದರೆ, ಕೀವಿನಂತಿದ್ದರೆ ಅಥವಾ ನಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ ಕಣ್ಣೀರಿನ ನಾಳದ ಅಡಚಣೆ, ರೆಪ್ಪೆಯ ದೋಷ ಅಥವಾ ಗಾಯ ಇರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಬೇಕು.

ಪಾದದ ಕಂದುಬಣ್ಣ: ನಾಯಿ ಒಂದೇ ಜಾಗವನ್ನು ನೆಕ್ಕುತ್ತಿದ್ದರೆ ಜೊಲ್ಲಿನ ಪಾರ್ಫಿರಿನ್‌ನಿಂದ ಅಲ್ಲಿನ ಕೂದಲು ಕಂದಾಗುತ್ತದೆ. ಅಲರ್ಜಿ, ಬೆರಳ ಸಂದಿನ ಶಿಲೀಂಧ್ರ, ಉಣ್ಣಿ, ಮುಳ್ಳು ಅಥವಾ ಬೇಸರ ಇದಕ್ಕೆ ಕಾರಣವಾಗಿರಬಹುದು. ಬಣ್ಣವನ್ನು ತೊಳೆಯುವುದಕ್ಕಿಂತ ನೆಕ್ಕುವುದಕ್ಕೆ ಕಾರಣವೇನೆಂದು ಹುಡುಕುವುದು ಮುಖ್ಯ.

ಹಿಂಗಾಲು ಮತ್ತು ಹೊಟ್ಟೆಯಡಿಯ ಹಳದಿ: ಮೂತ್ರ ತಗುಲಿ ಉಂಟಾಗುತ್ತದೆ. ಅಲ್ಲಿನ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಒದ್ದೆ ಬಟ್ಟೆಯಿಂದ ಒರಸುತ್ತಿದ್ದರೆ ನಿಲ್ಲುತ್ತದೆ. ವಯಸ್ಸಾದ ನಾಯಿಯಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಮೂತ್ರಕೋಶದ ತೊಂದರೆಯನ್ನು ಶಂಕಿಸಬೇಕು.

ಅರಿಶಿನ ಮತ್ತು ಕುಂಕುಮ: ಗಾಯಕ್ಕೆ ಅರಿಶಿನ ಹಚ್ಚುವ ಪದ್ಧತಿಯಿಂದಲೂ, ಹಬ್ಬದ ದಿನ ಹೊಸ್ತಿಲಿನ ಮೇಲೆ ನಡೆದಾಡುವುದರಿಂದಲೂ ಈ ಕಲೆಗಳಾಗುತ್ತವೆ. ಅರಿಶಿನದ ವರ್ಣದ್ರವ್ಯವಾದ ಕರ್ಕ್ಯುಮಿನ್ ಕ್ಷಾರದ ಸಂಪರ್ಕದಲ್ಲಿ ಕೆಂಪಾಗುವುದರಿಂದ, ಸಾಬೂನು ಹಾಕಿದೊಡನೆ ಕಲೆ ಹೆಚ್ಚಾದಂತೆ ಕಾಣುತ್ತದೆ. ಬಿಸಿಲಿಗೆ ಈ ವರ್ಣದ್ರವ್ಯ ಮಾಸುವ ಗುಣವುಳ್ಳದ್ದು; ಬೆಳಗಿನ ಎಳೆಬಿಸಿಲಿನಲ್ಲಿ ಕೆಲವು ದಿನ ಓಡಾಡಿಸಿದರೆ ಕಲೆ ತಾನಾಗಿ ತೆಳುವಾಗುತ್ತದೆ. ಹೋಳಿಯ ರಾಸಾಯನಿಕ ಬಣ್ಣಗಳು ಮಾತ್ರ ನೆಕ್ಕಿದರೆ ವಿಷಕಾರಿಯಾಗಬಲ್ಲವು. ಅವನ್ನು ಒಣಗಿದಂತೆಯೇ ಬಾಚಿ ತೆಗೆದು ಕೂಡಲೇ ತೊಳೆಯಬೇಕು.

ಕೆಮ್ಮಣ್ಣು: ಒದ್ದೆ ಕೆಸರನ್ನು ಉಜ್ಜಿದರೆ ಅದು ಒಳಪದರಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು ಬಾಚಿದರೆ ಬಹುಪಾಲು ಉದುರುತ್ತದೆ.

ಕಿವಿ, ಹಲ್ಲು ಮತ್ತು ಉಗುರು

ವಾರಕ್ಕೊಮ್ಮೆ ಕಿವಿಯನ್ನು ನೋಡಿ, ಹೊರಗೆ ಕಾಣುವ ಭಾಗವನ್ನು ಮಾತ್ರ ಹತ್ತಿಯಿಂದ ಒರಸಬೇಕು. ಕಡ್ಡಿಯನ್ನು ಒಳಗೆ ಹಾಕಬಾರದು. ಚಿಕ್ಕ ಗಾತ್ರದ ನಾಯಿಗಳಲ್ಲಿ ಹಲ್ಲಿನ ಸುತ್ತ ಪಾಚಿ ಕಟ್ಟುವುದು ಹೆಚ್ಚು. ಹಲ್ಲುಜ್ಜಲು ನಾಯಿಗಳ ಪೇಸ್ಟನ್ನೇ ಬಳಸಬೇಕು. ಮನುಷ್ಯರ ಪೇಸ್ಟಿನಲ್ಲಿರುವ ಫ್ಲೋರೈಡ್ ಮತ್ತು ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ನಾಯಿ ನುಂಗಿದರೆ ಹಾನಿಕರ. ನಯವಾದ ನೆಲದ ಮೇಲೆ ನಡೆಯುವಾಗ ಉಗುರಿನ ಟಕಟಕ ಸದ್ದು ಕೇಳಿಸಿದರೆ ಅದನ್ನು ಕತ್ತರಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಉಗುರಿನೊಳಗೆ ರಕ್ತನಾಳವಿರುವುದರಿಂದ ತುದಿಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು.

ಉಣ್ಣಿ ಮತ್ತು ಚಿಗಟ

ಭಾರತದಲ್ಲಿ ನಾಯಿಗಳನ್ನು ಕಾಡುವ ಕಂದು ಉಣ್ಣಿ ತನ್ನ ಇಡೀ ಜೀವನಚಕ್ರವನ್ನು ಮನೆಯೊಳಗೇ ಮುಗಿಸಬಲ್ಲದು. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ನೆಲಕ್ಕೆ ಬಿದ್ದು ಗೋಡೆಯ ಬಿರುಕು, ಬಾಗಿಲ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಾಗಾಗಿ ನಾಯಿಯ ಮೈಯಿಂದ ಉಣ್ಣಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಲಗುವ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು, ಸಂದುಗೊಂದುಗಳನ್ನು ಶುಚಿಗೊಳಿಸಬೇಕು. ಈ ಉಣ್ಣಿಯಿಂದ ಎರ್ಲಿಕಿಯೋಸಿಸ್ ಮತ್ತು ಬಬೇಸಿಯೋಸಿಸ್ ಎಂಬ ರೋಗಗಳು ಹರಡುತ್ತವೆ. ಜ್ವರ, ಆಹಾರ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ ಬರುವುದು, ಕಡು ಬಣ್ಣದ ಮೂತ್ರ ಇವುಗಳ ಲಕ್ಷಣಗಳು. ತಡಮಾಡಿದರೆ ಪ್ರಾಣಾಪಾಯವಿದೆ.

ಅಂಟಿದ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು, ದನಗಳಿಗೆಂದು ತಂದ ಔಷಧವನ್ನು ಅಂದಾಜಿನಲ್ಲಿ ಹಚ್ಚುವುದು ಸಲ್ಲದು. ಉಣ್ಣಿನಿವಾರಕಗಳನ್ನು ನಾಯಿಯ ತೂಕಕ್ಕೆ ತಕ್ಕಂತೆ ಪಶುವೈದ್ಯರ ಸಲಹೆಯ ಮೇರೆಗೆ ಬಳಸಬೇಕು.

ಮನೆಯ ಶುಚಿತ್ವ

ನಾಯಿ ಮೂತ್ರ ಮಾಡಿದ ಜಾಗದಲ್ಲಿ ವಾಸನೆ ಉಳಿದರೆ ಅದು ಮತ್ತೆ ಅಲ್ಲಿಯೇ ಮೂತ್ರ ಮಾಡುತ್ತದೆ. ಕಿಣ್ವಯುಕ್ತ ಶುಚಿಕಾರಕಗಳು ವಾಸನೆಯ ಮೂಲವನ್ನೇ ಒಡೆಯುತ್ತವೆ. ಅಮೋನಿಯ ಬೆರೆತ ದ್ರವಗಳ ವಾಸನೆ ಮೂತ್ರವನ್ನು ಹೋಲುವುದರಿಂದ ಅವು ಉಪಯುಕ್ತವಲ್ಲ. ಫಿನೈಲಿನಿಂದ ಒರೆಸಿದ ಒದ್ದೆ ನೆಲದ ಮೇಲೆ ನಾಯಿ ನಡೆದು ಪಾದ ನೆಕ್ಕಿಕೊಂಡರೆ ಹಾನಿಯಾಗುತ್ತದೆ. ನೆಲ ಒಣಗುವವರೆಗೆ ಅದನ್ನು ಬೇರೆ ಕೋಣೆಯಲ್ಲಿ ಇಡಬೇಕು. ನಾಯಿಯಿಂದ ಬರುವ ಅಲರ್ಜಿಗೆ ಕೂದಲೇ ಕಾರಣವೆಂಬ ನಂಬಿಕೆಯಿದ್ದರೂ, ಚರ್ಮದ ಹೊಟ್ಟು ಮತ್ತು ಜೊಲ್ಲಿನಲ್ಲಿರುವ ಪ್ರೋಟೀನುಗಳು ಮುಖ್ಯ ಕಾರಣ. ಉಬ್ಬಸವುಳ್ಳವರು ಇರುವ ಮನೆಯಲ್ಲಿ ನಾಯಿಯನ್ನು ಹಾಸಿಗೆಯ ಕೋಣೆಯಿಂದ ದೂರವಿಡಬೇಕು.

ಸನ್ನಡತೆಯ ಶಿಕ್ಷಣ

ಕಲಿಕೆಯ ತತ್ತ್ವ: ರಷ್ಯದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೊವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಆಹಾರದೊಡನೆ ಪದೇ ಪದೇ ಜೊತೆಯಾದ ಸಂಕೇತಕ್ಕೂ ನಾಯಿ ಜೊಲ್ಲು ಸುರಿಸುತ್ತದೆ ಎಂಬುದು ತಿಳಿಯಿತು. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್, ಒಳ್ಳೆಯ ಫಲ ತಂದ ವರ್ತನೆಯನ್ನು ಪ್ರಾಣಿ ಪುನರಾವರ್ತಿಸುತ್ತದೆ ಎಂಬುದನ್ನು ವಿವರವಾಗಿ ತೋರಿಸಿದರು. ಮನೆಯ ನಾಯಿಯ ಶಿಕ್ಷಣಕ್ಕೂ ಇವೇ ಆಧಾರ. ಬೇಕಾದ ವರ್ತನೆ ಕಂಡ ಒಂದೆರಡು ಸೆಕೆಂಡುಗಳೊಳಗೆ ಮೆಚ್ಚುಗೆಯನ್ನೋ ತಿನಿಸಿನ ಚೂರನ್ನೋ ಕೊಡಬೇಕು. ತಡವಾಗಿ ಕೊಟ್ಟ ಬಹುಮಾನವನ್ನೂ, ಗಂಟೆಯ ಬಳಿಕ ಕೊಟ್ಟ ಶಿಕ್ಷೆಯನ್ನೂ ನಾಯಿ ಹಿಂದಿನ ವರ್ತನೆಯೊಡನೆ ಜೋಡಿಸಲಾರದು. ಮನೆಯವರು ಬಂದಾಗ ತಲೆತಗ್ಗಿಸಿ ಮೂಲೆ ಸೇರುವ ನಾಯಿ 'ತಪ್ಪು ಒಪ್ಪಿಕೊಳ್ಳುತ್ತಿದೆ' ಎಂದು ಭಾವಿಸಲಾಗುತ್ತದೆ. ಅದು ಮನೆಯವರ ಸಿಟ್ಟಿನ ಮುಖಕ್ಕೆ ತೋರುವ ಹೆದರಿಕೆ.

ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸುವುದು ಮುಖ್ಯ. ಒಬ್ಬರು 'ಕೂರು', ಇನ್ನೊಬ್ಬರು 'ಕುಳಿತುಕೋ', ಮಕ್ಕಳು 'ಸಿಟ್' ಎಂದರೆ ನಾಯಿಗೆ ಅವು ಮೂರು ಬೇರೆ ಬೇರೆ ಸದ್ದುಗಳು. ಒಬ್ಬರು ಊಟದ ತಟ್ಟೆಯಿಂದ ತುತ್ತು ಕೊಟ್ಟು ಇನ್ನೊಬ್ಬರು ಅದೇ ಕಾರಣಕ್ಕೆ ಗದರಿದರೂ ಕಲಿಕೆ ಕೆಡುತ್ತದೆ.

ಎಳೆಯ ವಯಸ್ಸಿನ ಪರಿಚಯ: ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲದಲ್ಲಿ ಮರಿ ಯಾವ ಜನ, ಸದ್ದು, ಸ್ಪರ್ಶಗಳನ್ನು ಭಯವಿಲ್ಲದೆ ಅನುಭವಿಸುತ್ತದೆಯೋ ಅವು ಮುಂದೆಯೂ ಅದಕ್ಕೆ ಸಹಜವಾಗುತ್ತವೆ. ಪಾದ ಹಿಡಿಯುವುದು, ಕಿವಿ ಮಡಚಿ ನೋಡುವುದು, ತುಟಿ ಎತ್ತುವುದು, ಬ್ರಷ್ ತಾಗಿಸುವುದು ಇವನ್ನು ಈ ವಯಸ್ಸಿನಲ್ಲಿ ದಿನವೂ ಒಂದೆರಡು ನಿಮಿಷ ಮಾಡಿ, ಪ್ರತಿಸಲವೂ ತಿನಿಸು ಕೊಡಬೇಕು. ಬೆಳೆದ ನಾಯಿಗೂ ಇದೇ ಕ್ರಮವನ್ನು ಇನ್ನಷ್ಟು ನಿಧಾನವಾಗಿ ಅನುಸರಿಸಬಹುದು. ನಾಯಿ ಮುಖ ತಿರುಗಿಸಿದರೆ, ತುಟಿ ನೆಕ್ಕಿದರೆ, ಮೈ ಬಿಗಿದರೆ ಅಲ್ಲಿಗೆ ನಿಲ್ಲಿಸಬೇಕು. ಇವು ಗುರುಗುಟ್ಟುವುದಕ್ಕೆ ಮೊದಲಿನ ಸೂಚನೆಗಳು. ಗುರುಗುಟ್ಟುವುದನ್ನೂ ಹೊಡೆದು ನಿಲ್ಲಿಸಬಾರದು. ಎಚ್ಚರಿಕೆ ಕೊಡುವುದನ್ನು ಬಿಟ್ಟ ನಾಯಿ ಮುಂದೆ ನೇರವಾಗಿ ಕಚ್ಚುತ್ತದೆ.

ಮಲಮೂತ್ರದ ಅಭ್ಯಾಸ: ಮರಿಯು ತನ್ನ ವಯಸ್ಸಿನ ತಿಂಗಳಿಗೆ ಒಂದನ್ನು ಕೂಡಿಸಿದಷ್ಟು ಗಂಟೆಗಳ ಕಾಲ ಮೂತ್ರವನ್ನು ತಡೆಯಬಲ್ಲದು ಎಂಬುದು ಒಂದು ಸ್ಥೂಲ ಲೆಕ್ಕ. ಎದ್ದೊಡನೆ, ಉಂಡೊಡನೆ, ಆಡಿದೊಡನೆ ಮತ್ತು ಮಲಗುವ ಮುನ್ನ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ಮಾಡಿದೊಡನೆ ಮೆಚ್ಚಬೇಕು. ಮನೆಯೊಳಗೆ ಮಾಡಿಬಿಟ್ಟರೆ ಸುಮ್ಮನೆ ಒರಸಬೇಕು. ಮೂಗನ್ನು ಮೂತ್ರಕ್ಕೆ ಉಜ್ಜುವ ಹಳೆಯ ಪದ್ಧತಿಯಿಂದ ನಾಯಿ ಕಲಿಯುವುದು ಒಂದೇ: ಮನುಷ್ಯರ ಕಣ್ಣಿಗೆ ಬೀಳದಂತೆ ಮಂಚದಡಿಯಲ್ಲಿ ಮಾಡುವುದು.

ಬೊಗಳುವಿಕೆ: ಸ್ಪಿಟ್ಜ್ ಸ್ವಭಾವತಃ ಎಚ್ಚರದ ನಾಯಿ, ಗೇಟಿನ ಸದ್ದಿಗೂ ಬೊಗಳುತ್ತದೆ. ಮನೆಯವರು ಅದರ ಮೇಲೆ ಕೂಗಿದರೆ, ಅವರೂ ತನ್ನೊಡನೆ ಬೊಗಳುತ್ತಿದ್ದಾರೆಂಬಂತೆ ಅದು ಇನ್ನಷ್ಟು ಜೋರುಮಾಡುತ್ತದೆ. ಎರಡು ಮೂರು ಬಾರಿ ಬೊಗಳಿದ ಬಳಿಕ ಮೂಗಿನ ಬಳಿ ತಿನಿಸು ಹಿಡಿದು, ಅದು ಮೂಸಲು ಸುಮ್ಮನಾದ ಕ್ಷಣದಲ್ಲಿ 'ಸಾಕು' ಎಂದು ಹೇಳಿ ತಿನಿಸು ಕೊಡಬೇಕು. ಮೌನದ ಅವಧಿಯನ್ನು ದಿನದಿಂದ ದಿನಕ್ಕೆ ಹೆಚ್ಚಿಸಿದರೆ ಮಾತಿಗೇ ಸುಮ್ಮನಾಗುತ್ತದೆ. ದಿನವಿಡೀ ಒಂಟಿಯಾಗಿ ಕಟ್ಟಿಹಾಕಿದ ನಾಯಿಯ ಬೊಗಳುವಿಕೆಗೆ ಈ ಉಪಾಯ ಫಲಿಸದು. ಅದಕ್ಕೆ ಬೇಕಾದದ್ದು ಬೆಳಗು ಸಂಜೆಯ ನಡಿಗೆ ಮತ್ತು ಜೊತೆ.

ಅತಿಥಿಗಳ ಮೇಲೆ ಹಾರುವುದು: ನಾಯಿ ಗಮನ ಬಯಸಿ ಹಾರುತ್ತದೆ, ತಳ್ಳುವುದೂ ಗದರುವುದೂ ಅದಕ್ಕೆ ಗಮನವೇ. ನಾಲ್ಕು ಪಾದಗಳೂ ನೆಲದ ಮೇಲಿರುವಾಗ ಮಾತ್ರ ಮಾತನಾಡಿಸಬೇಕು. ಹೊರಗಿನಿಂದ ಬಂದಾಗ ಹೊಸ್ತಿಲ ಬಳಿಯ ಹಾಸಿನ ಮೇಲೆ ಕುಳಿತು ಪಾದ ಒರೆಸಿಸಿಕೊಳ್ಳುವುದನ್ನು ಕಲಿಸಿದರೆ ತುಪ್ಪಳದ ಶುಚಿತ್ವ, ನೆಲದ ಶುಚಿತ್ವ ಮತ್ತು ಸನ್ನಡತೆ ಮೂರೂ ಒಟ್ಟಿಗೆ ಸಾಧಿಸುತ್ತವೆ.

ಪಟಾಕಿಯ ಭಯ: ದೀಪಾವಳಿಯ ಸದ್ದಿಗೆ ಹೆದರಿ ಓಡಿಹೋದ ನಾಯಿಗಳು ದಾರಿ ತಪ್ಪುವುದು ಸಾಮಾನ್ಯ. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ನಡಿಗೆ ಮುಗಿಸಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಇರಿಸಬೇಕು. ಹೆದರಿದ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಕೊರಳಪಟ್ಟಿಯಲ್ಲಿ ಮನೆಯವರ ದೂರವಾಣಿ ಸಂಖ್ಯೆ ಇರುವುದು ಒಳ್ಳೆಯದು.

ಆಹಾರ

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಬೆರೆಸಿದ ಸಿಹಿಗಳು ಮತ್ತು ಮದ್ಯ ನಾಯಿಗೆ ವಿಷಕಾರಿ. ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತ್, ಈರುಳ್ಳಿ-ಬೆಳ್ಳುಳ್ಳಿಯ ಸಾರು ಮತ್ತು ಪಲ್ಯಗಳನ್ನು ಪ್ರೀತಿಯಿಂದಲೇ ಕೊಟ್ಟರೂ ಅಪಾಯ ತಪ್ಪದು. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಲ್ಲದು. ಮನುಷ್ಯರ ಜ್ವರದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಬರಿಯ ಅನ್ನ-ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬಿನಾಮ್ಲಗಳು ಸಾಲದಾಗಿ ತುಪ್ಪಳ ನಿಸ್ತೇಜವಾಗುತ್ತದೆ. ಬೇಯಿಸಿದ ಮೊಟ್ಟೆ, ಮಾಂಸ, ಮೀನು ಅಥವಾ ಸಮತೋಲಿತ ಸಿದ್ಧ ಆಹಾರ ಬೇಕಾಗುತ್ತದೆ.

ಬೇಸಗೆ ಮತ್ತು ಲಸಿಕೆ

ನಾಯಿಯ ಸಾಮಾನ್ಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೇಸಗೆಯ ಮಧ್ಯಾಹ್ನ ನಡಿಗೆಗೆ ಕರೆದೊಯ್ಯುವುದರಿಂದ, ನಿಲ್ಲಿಸಿದ ಕಾರಿನಲ್ಲಿ ಬಿಡುವುದರಿಂದ ಶಾಖಾಘಾತವಾಗುತ್ತದೆ. ಅತಿಯಾದ ಏದುಸಿರು, ಕಡುಕೆಂಪು ವಸಡು, ತೂರಾಡುವಿಕೆ ಕಂಡರೆ ನೆರಳಿಗೆ ತಂದು, ಮೈಯನ್ನು ತಣ್ಣೀರಿನಿಂದ ನೆನೆಸಿ, ಗಾಳಿ ಬೀಸುತ್ತ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಮರಿಗೆ ಆರರಿಂದ ಎಂಟು ವಾರಗಳಾದಾಗ ಡಿಸ್ಟೆಂಪರ್, ಪಾರ್ವೋ ಮೊದಲಾದ ರೋಗಗಳ ಲಸಿಕೆಗಳನ್ನು ಆರಂಭಿಸಲಾಗುತ್ತದೆ. ಸುಮಾರು ಮೂರು ತಿಂಗಳಿಗೆ ರೇಬೀಸ್ ಲಸಿಕೆಯನ್ನು ಕೊಡಿಸಿ, ಬಳಿಕ ವೈದ್ಯರು ಸೂಚಿಸಿದಂತೆ ಮರುಲಸಿಕೆಗಳನ್ನು ಹಾಕಿಸಬೇಕು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮಳೆಗಾಲದಲ್ಲಿ ಹೆಚ್ಚುವುದರಿಂದ ಅದರ ಲಸಿಕೆಯೂ ಅಗತ್ಯ. ಮನೆಯ ನಾಯಿಯೇ ಕಚ್ಚಿದರೂ, ಗಾಯ ಚಿಕ್ಕದಾದರೂ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯರಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ಮಾರಕ. ಸಕಾಲದಲ್ಲಿ ಲಸಿಕೆ ಪಡೆದರೆ ತಡೆಯಬಹುದು.

ಕಾನೂನು ಮತ್ತು ಹೊಣೆ

1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವು ನಾಯಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಹಾಕುವುದನ್ನೂ, ಸದಾ ಕಟ್ಟಿದ ನಾಯಿಗೆ ಓಡಾಟದ ಅವಕಾಶ ಕೊಡದಿರುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದನ್ನೂ ಅಪರಾಧವೆಂದು ಪರಿಗಣಿಸುತ್ತದೆ. 2017ರಲ್ಲಿ ರೂಪಿಸಿದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರಗಳಿಗಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ.

ಬಿಳಿ ಸ್ಪಿಟ್ಜ್ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ. ಅಂದಕ್ಕಾಗಿ ತಂದ ಮರಿಯ ತುಪ್ಪಳವನ್ನು ಬಾಚುವವರಿಲ್ಲದೆ ಅದು ಜಡೆಗಟ್ಟುತ್ತದೆ. ಜಡೆ ಎಳೆದಾಗ ನೋವಿನಿಂದ ನಾಯಿ ಕಚ್ಚುತ್ತದೆ. ಕಚ್ಚಿದ ನಾಯಿಯನ್ನು ಗೇಟಿಗೆ ಕಟ್ಟಲಾಗುತ್ತದೆ. ಕಟ್ಟಿದ ನಾಯಿ ಬೊಗಳಿ ನೆರೆಯವರ ದೂರಿಗೆ ಗುರಿಯಾಗುತ್ತದೆ. ಕೊನೆಗೆ ಅದನ್ನು ಬೀದಿಗೆ ಬಿಡಲಾಗುತ್ತದೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಆಹಾರ ಹುಡುಕುವುದೂ, ಇತರ ನಾಯಿಗಳಿಂದ ತಪ್ಪಿಸಿಕೊಳ್ಳುವುದೂ ತಿಳಿದಿರುವುದಿಲ್ಲ. ಈ ಸರಣಿಯ ಮೊದಲ ಕೊಂಡಿಯಾದ ಬಾಚುವಿಕೆಗೆ ವಾರಕ್ಕೆ ಮೂರು ಬಾರಿ, ಪ್ರತಿಬಾರಿ ಹದಿನೈದು ನಿಮಿಷ ಸಾಕು. ಅಷ್ಟು ಸಮಯವನ್ನು ಹತ್ತು ಹನ್ನೆರಡು ವರ್ಷಗಳ ಕಾಲ ಕೊಡಬಲ್ಲವರು ಮನೆಯಲ್ಲಿ ಯಾರು ಎಂಬುದನ್ನು ಮರಿಯನ್ನು ತರುವ ಮೊದಲೇ ನಿರ್ಧರಿಸಿಕೊಳ್ಳುವುದು ಉಚಿತ.